ಗಿನಿಪಿಗ್‌ಗೆ ಕಸ ಕಿತ್ತು ಹಾಕುವ ಮುಂಚೆ

ಮಿರಗದ ಮಳೆ ಬಿದ್ದು ನೆಲ ಹಸಿರಾದರೆ ಸಾಕು, ನಮ್ಮ ಓಣಿಯ ಹುಡುಗರು ಕಾಂಪೌಂಡ್ ಮೂಲೆಯಿಂದ ಒಂದು ಹಿಡಿ ಕಸ ಕಿತ್ತು, ಮಣ್ಣಿನ ಸಮೇತ ಗಿನಿಪಿಗ್ ಪಂಜರಕ್ಕೆ ತುರುಕುತ್ತಾರೆ. ಅದರಲ್ಲಿ ಏನೇನಿದೆ ಅಂತ ಒಬ್ಬರೂ ನೋಡುವುದಿಲ್ಲ. ಕೇಳಿದರೆ "ಆಯಿ, ವಿಷ ಇದ್ರ ಅದೇ ತಿನ್ನಂಗಿಲ್ಲ" ಅನ್ನುತ್ತಾರೆ. ಯಾರು ಹೇಳಿದರಪ್ಪಾ ನಿಮಗೆ? ಅದು ದಕ್ಷಿಣ ಅಮೆರಿಕದ ಬೆಟ್ಟದ ಕಡೆಯ ಜೀವ. ನಿಮ್ಮ ಮನೆಯಲ್ಲಿರುವುದು ಪಂಜರದಲ್ಲೇ ಹುಟ್ಟಿ ಬೆಳೆದದ್ದು. ಬೀದರಿನ ಎಕ್ಕಿ, ಉಮ್ಮತ್ತಿಯಂಥ ವಿಷದ ಗಿಡ ಅದಕ್ಕೇನು ಗೊತ್ತು? ಇನ್ನೊಂದು ಮಾತು, ಗಿನಿಪಿಗ್‌ಗೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದದ್ದು ಒಳಗೇ.

ಹಾಗಂತ ಹೆದರಿ ಹಸಿರೇ ನಿಲ್ಲಿಸಬೇಡಿ. ನಮ್ಮ ಹಾಗೆ ಅದರ ಮೈಯಲ್ಲೂ ವಿಟಮಿನ್ ಸಿ ತಯಾರಾಗುವುದಿಲ್ಲ, ತಿಂದೇ ಪಡೆಯಬೇಕು. ಸಿಗದಿದ್ದರೆ ಕೀಲು ಊದುತ್ತವೆ, ಒಸಡಿನಲ್ಲಿ ರಕ್ತ ಬರುತ್ತದೆ. ಹೊಟ್ಟೆ ತುಂಬಲು ಒಣ ಹುಲ್ಲು ಯಾವಾಗಲೂ ಮುಂದಿರಲಿ, ಅದರ ಹಲ್ಲು ಬೆಳೆಯುತ್ತಲೇ ಇರುತ್ತವೆ, ಅಗಿದು ಸವೆಯಬೇಕು. ಹಸಿರು ಅದರ ಮೇಲೆ ಒಂದು ಹಿಡಿ.

ಕರಿಕಿ ಹುಲ್ಲು ಎಷ್ಟು ಬೇಕಾದರೂ ಕೊಡಿ. ಹಕ್ಕರಕಿ ನಾವೇ ರೊಟ್ಟಿ ಜೊತೆ ಹಸಿಯಾಗಿ ತಿನ್ನುತ್ತೇವೆ, ಅದಕ್ಕೂ ಇಷ್ಟ. ಕಿರಕಸಾಲಿ, ಅಂದರೆ ಕೀರೆ ಸೊಪ್ಪು, ಕೊಡಬಹುದು, ಆದರೆ ದಿನಾ ಬೇಡ. ಗೋಳಿ ಪಲ್ಯ, ಅಂದರೆ ನೆಲಕ್ಕೆ ಹಾಸುವ ದಪ್ಪ ಎಲೆಯ ಸೊಪ್ಪು, ಮೂರು ಬೆರಳಿಗೆ ಸಿಕ್ಕಷ್ಟು, ಅದೂ ಆಗೊಮ್ಮೆ ಈಗೊಮ್ಮೆ. ಎರಡರಲ್ಲೂ ಆಕ್ಸಲೇಟ್ ಜಾಸ್ತಿ, ಮೂತ್ರದಲ್ಲಿ ಕಲ್ಲಾಗುವ ಭಯ.

ಎಲ್ಲರೂ ಎಡವುವುದು ಈ ಗೋಳಿಯಲ್ಲೇ. ಅದು ಎಲ್ಲಿ ಹಾಸಿಕೊಂಡು ಬೆಳೆಯುತ್ತದೋ ಅಲ್ಲೇ, ಅದರ ಪಕ್ಕದಲ್ಲೇ, ಒಂದು ಹಾಲಿನ ಕಸ, ಮುರಿದರೆ ಬಿಳಿ ಹಾಲು ಬರುವ ವಿಷದ ಕಸ, ಕೂಡ ನೆಲಕ್ಕೆ ಅಂಟಿಕೊಂಡು ಬೆಳೆಯುತ್ತದೆ. ಎರಡಕ್ಕೂ ಕೆಂಪು ಕಡ್ಡಿ. ದೂರದಿಂದ ಎರಡೂ ಒಂದೇ. ನಮ್ಮವ್ವ ಹೊಲದಲ್ಲಿ ಕಳೆ ತೆಗೆಯುವಾಗ ಪಲ್ಯ ಉಡಿಗೆ ಹಾಕಿಕೊಳ್ಳುವ ಮುಂಚೆ ಒಂದೊಂದೇ ಕಡ್ಡಿಯನ್ನು ಪಟಕ್ಕನೆ ಮುರಿದು, ಮುರಿದ ತುದಿಯನ್ನು ತನ್ನ ಕರಿ ಸೀರೆಯ ಸೆರಗಿಗೆ ಒತ್ತುತ್ತಿದ್ದಳು. ನಾನು ಇವತ್ತಿಗೂ ಹಾಗೇ ಮಾಡುತ್ತೇನೆ. ಸೀರೆ ಹಾಳಾಗುತ್ತದೆ ಅಂತ ಕರಿ ಬಟ್ಟೆಯ ಚೂರೊಂದನ್ನು ಬೇರೆಯೇ ಇಟ್ಟಿದ್ದೇನೆ. ಕಡ್ಡಿಯನ್ನು ಉಗುರಿನಿಂದ ಚಿವುಟಬೇಡಿ, ಎರಡೂ ಕಡೆ ಹಿಡಿದು ಮುರಿಯಿರಿ. ಮುರಿದ ಮೇಲೆ ಸ್ವಲ್ಪ ತಡೆಯಿರಿ, ಆಮೇಲೆ ಬಟ್ಟೆಗೆ ಒತ್ತಿ. ಗೋಳಿ ಆದರೆ ಬಟ್ಟೆ ಒದ್ದೆಯಾಗುತ್ತದೆ ಅಷ್ಟೇ, ಬರೀ ನೀರು. ಹಾಲಿನ ಕಸ ಆದರೆ ಬೆಳ್ಳಗೆ ಚುಕ್ಕೆ ಬೀಳುತ್ತದೆ. ಎಲೆಯನ್ನೂ ಮಡಚಿ ನೋಡಿ: ಗೋಳಿಯ ಎಲೆ ದಪ್ಪ, ರಸ ತುಂಬಿರುತ್ತದೆ, ಮಡಚಿದರೆ ಮುರಿಯುತ್ತದೆ. ಇನ್ನೊಂದರ ಎಲೆ ಕಾಗದದಷ್ಟು ತೆಳು.

ಇದನ್ನು ಬೆಳಿಗ್ಗೆ ಬಿಸಿಲೇರುವ ಮುಂಚೆಯೇ ಮಾಡಬೇಕು. ಮಧ್ಯಾಹ್ನ ಬಾಡಿದ ಗಿಡದಿಂದ ಹಾಲು ಸರಿಯಾಗಿ ಹೊರಗೆ ಬರುವುದಿಲ್ಲ, ನೀವು ಗೋಳಿ ಅಂತ ತಿಳಿದು ಹಾಕಿಬಿಡುತ್ತೀರಿ. ಗೊಂಚಲಿನಲ್ಲಿ ಒಂದು ಕಡ್ಡಿ ನೋಡಿ ಸಾಕು ಅನ್ನುವುದೂ ಬೇಡ. ಪ್ರತಿ ಬುಡ ಬೇರೆ, ಪ್ರತಿಯೊಂದನ್ನೂ ಮುರಿಯಬೇಕು. ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ, ಆ ಹಾಲು ಕಣ್ಣಿಗೆ ತಾಗಿದರೆ ಉರಿ ತಡೆಯಲಾಗುವುದಿಲ್ಲ. ಹಕ್ಕರಕಿಯಲ್ಲೂ ಹಾಲಿದೆಯಲ್ಲ ಅಂತ ಯಾರಾದರೂ ಕೇಳಿಯೇ ಕೇಳುತ್ತೀರಿ. ಇದೆ. ಆದರೆ ಹಕ್ಕರಕಿಯ ಎಲೆಗಳೆಲ್ಲ ಬುಡದಿಂದಲೇ ಸುತ್ತಲೂ ಹರಡಿರುತ್ತವೆ. ಹಾಲಿನ ಕಸಕ್ಕೆ ಕಡ್ಡಿಯುದ್ದಕ್ಕೂ ಎದುರುಬದುರು ಜೋಡಿ ಎಲೆ. ಗುರುತು ಸಿಗದಿದ್ದರೆ ಬಿಸಾಕಿ, ಕರಿಕಿಗೇನು ಬರಗಾಲವೇ?

  

ಉಮ್ಮತ್ತಿ ದೊಡ್ಡದಾದಾಗ ಮುಳ್ಳುಕಾಯಿ ನೋಡಿ ಎಲ್ಲರೂ ಗುರುತಿಸುತ್ತಾರೆ. ಎಳೆ ಸಸಿ ಕಿರಕಸಾಲಿ ನಡುವೆ ಸೇರಿಕೊಂಡಾಗಲೇ ಮೋಸ. ಎಲೆ ತಿಕ್ಕಿ ಮೂಸಿ ನೋಡಿ, ಕೆಟ್ಟ ನಾತ ಬಂದರೆ ಬಿಡಿ. ಕಾಂಗ್ರೆಸ್ ಕಸವಂತೂ 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡಿತು, ಈಗ ಅದಿಲ್ಲದ ಖಾಲಿ ಸೈಟ್ ಇಲ್ಲ. ಅದರ ಎಳೆ ಎಲೆ ಗಜ್ಜರಿ (ಕ್ಯಾರೆಟ್) ಎಲೆಯ ಹಾಗೇ ಸೀಳು ಸೀಳು. ಗಜ್ಜರಿ ಎಲೆ ಗಿನಿಪಿಗ್‌ಗೆ ಒಳ್ಳೆಯದು ಅಂತ ಕೇಳಿದ ಹುಡುಗರು ಇದನ್ನು ಕಿತ್ತು ತರುತ್ತಾರೆ, ಕೈಯೂ ತುರಿಸಿಕೊಳ್ಳುತ್ತಾರೆ. ಗಜ್ಜರಿ ಎಲೆ ಗಡ್ಡೆಯ ಜೊತೆ ಬಂದರೆ ಮಾತ್ರ ಕೊಡಿ. ಎಕ್ಕಿ, ಔಡಲ, ಕಣಗಿಲ, ಬದನೆ ಮತ್ತು ಟೊಮೇಟೊ ಗಿಡದ ಎಲೆ ಇವೆಲ್ಲ ಪಂಜರದ ಹತ್ತಿರವೂ ಬೇಡ. ಉಳ್ಳಾಗಡ್ಡಿ ತಪ್ಪಲೂ ಬೇಡ.

ಜೋಳದ ವಿಷಯ ಹೊಲ ಬಿಟ್ಟು ಬಂದವರಿಗೆ ಮರೆತೇ ಹೋಗಿದೆ. ಎಳೆ ಜೋಳದ ಸಸಿ, ಮಳೆಯಿಲ್ಲದೆ ಸೊರಗಿದ ಜೋಳ, ಕೊಯ್ದ ಮೇಲೆ ಬುಡದಿಂದ ಒಡೆಯುವ ಚಿಗುರು, ಇವುಗಳಲ್ಲಿ ಸಯನೈಡ್ ವಿಷ ಹುಟ್ಟುತ್ತದೆ. ಇದನ್ನು ತಿಂದು ಎತ್ತಿನಂಥ ಎತ್ತೇ ಬಿದ್ದು ಸಾಯುತ್ತದೆ, ಅಂಗೈಯಗಲದ ಜೀವ ಉಳಿಯುತ್ತದೆಯೇ? ಹಕ್ಕಿಗೆ ಹಾಕಿದ ಜೋಳ ಅಂಗಳದಲ್ಲಿ ಮೊಳೆತರೆ ಅದನ್ನು ಕಿತ್ತು ಗಿನಿಪಿಗ್‌ಗೆ ತಿನ್ನಿಸಬೇಡಿ.

ರಸ್ತೆ ಬದಿಯ ಹುಲ್ಲು, ತೊಗರಿಗೆ ಔಷಧ ಹೊಡೆದ ಹೊಲದ ಬದುವಿನ ಹುಲ್ಲು ಯಾವುದೂ ಬೇಡ. ಕಿತ್ತದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಕಾವು ಹಿಡಿದು ಹೊಟ್ಟೆ ಉಬ್ಬಿಸುತ್ತದೆ. ಹೊಸ ಸೊಪ್ಪು ಮೊದಲ ದಿನ ಒಂದೆರಡು ಎಲೆ ಮಾತ್ರ.

ಇಷ್ಟೆಲ್ಲ ಮಾಡಿಯೂ ಅದು ತಿನ್ನುವುದು ಬಿಟ್ಟರೆ, ಹಿಕ್ಕೆ ಹಾಕದಿದ್ದರೆ, ಜೊಲ್ಲು ಸುರಿಸಿ ಮೂಲೆಯಲ್ಲಿ ಮುದುಡಿ ಕೂತರೆ ನಾಳೆ ನೋಡೋಣ ಅನ್ನಬೇಡಿ. ಅದರ ಹೊಟ್ಟೆ ಒಂದು ದಿನವೂ ಖಾಲಿ ಇರಬಾರದು. ಎಣ್ಣೆ, ಮಜ್ಜಿಗೆ ಅಂತ ಮನೆಮದ್ದು ಕುಡಿಸುತ್ತ ಕೂರಬೇಡಿ. ನಮ್ಮ ಬೀದರಿನಲ್ಲೇ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇದೆ, ಹಳ್ಳಿಯವರಿಗೆ ಹತ್ತಿರದ ದನದ ದವಾಖಾನಿ ಇದೆ. ಹೋಗುವಾಗ ಅದು ತಿಂದು ಬಿಟ್ಟ ಕಸದ ಒಂದು ಕಡ್ಡಿಯನ್ನು, ಎಲೆ ಹೂವು ಸಮೇತ, ಕಾಗದದಲ್ಲಿ ಸುತ್ತಿ ಡಾಕ್ಟರಿಗೆ ತೋರಿಸಿ.