ಹಾಲಿಲ್ಲದ ಚೀಸ್ ಮಾಡುವವರು ಮೊದಲು ಹೆಪ್ಪು ಹಾಕುವುದನ್ನು ಕಲಿಯಿರಿ

ಗೋಡಂಬಿ ನೆನೆಸಿ ಮಿಕ್ಸಿಗೆ ಹಾಕಿ, ಒಂದು ನಿಂಬೆಹಣ್ಣು ಹಿಂಡಿ, ಚಿಟಿಕೆ ಅರಿಸಿನದಿಂದ ಹಳದಿ ಬಣ್ಣ ಬರಿಸಿ, ಅದನ್ನೇ ಚೀಸ್ ಎಂದು ಬಡಿಸುವವರನ್ನು ಈಚೆಗೆ ಬಹಳ ನೋಡುತ್ತಿದ್ದೇನೆ. ಅದು ಹುಳಿ ಹಿಂಡಿದ ಗೋಡಂಬಿ ಚಟ್ನಿ, ಅಷ್ಟೇ. ತಿಂದವರು ಮುಖ ಸಿಂಡರಿಸಿದರೆ ‘ಹಾಲಿಲ್ಲದ್ದು ಹೀಗೇ ಇರುತ್ತದೆ’ ಎಂಬ ಸಮಜಾಯಿಷಿ ಬೇರೆ. ಹೀಗೇ ಇರಬೇಕಾಗಿಲ್ಲ. ಚೀಸ್‌ಗೆ ಆ ರುಚಿ ಬರುವುದು ಅದು ತಾನಾಗಿ ಹುಳಿಯಾಗುವುದರಿಂದ. ಹುಳಿಯಾಗಲು ಹೆಪ್ಪು ಬೇಕು, ಒಂದು ರಾತ್ರಿ ಬೇಕು, ಪಾತ್ರೆಯನ್ನು ಅಲುಗಾಡಿಸದೆ ಬಿಡುವ ತಾಳ್ಮೆ ಬೇಕು. ನಿಂಬೆಹಣ್ಣು ಇದಕ್ಕೆ ಅಡ್ಡದಾರಿ.

ನಮ್ಮ ಮೊಮ್ಮಗಳಿಗೆ ಹಾಲು ಆಗುವುದಿಲ್ಲ. ಹಾಲು ಆಗದವರಲ್ಲಿ ಎರಡು ಬಗೆ ಎಂಬುದನ್ನು ಮನೆಯ ಹಿರಿಯರೂ ಕಿರಿಯರೂ ತಿಳಿದಿರಬೇಕು. ಹಾಲಿನಲ್ಲಿರುವ ಸಕ್ಕರೆ ಅರಗದವರಿಗೆ ಹೊಟ್ಟೆಯುಬ್ಬರ, ಭೇದಿ. ಇವರಲ್ಲಿ ಅನೇಕರಿಗೆ ಮೊಸರು, ತುಪ್ಪ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಹಾಲಿನ ಪ್ರೋಟೀನೇ ಅಲರ್ಜಿ ಆಗಿರುವವರಿಗೆ ಮಾತ್ರ ಒಂದು ಚಮಚ ಮಜ್ಜಿಗೆಯೂ ಅಪಾಯ. ನಮ್ಮ ಮಗು ಎರಡನೆಯ ಬಗೆಯದು. ‘ಸ್ವಲ್ಪವೇ ತಾನೇ, ಏನಾಗುತ್ತದೆ’ ಎಂದು ಇಂಥ ಮಕ್ಕಳ ಬಾಯಿಗೆ ಪೇಡ ಇಡುವ ಬಂಧುಗಳ ಮೇಲೆ ನನಗೆ ಬರುವ ಕೋಪ ಅಷ್ಟಿಷ್ಟಲ್ಲ. ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದೆ ಎಂದು ಕೊಂಡು ತರುವವರೂ ಅಷ್ಟೇ. ಹಸಿರು ಚುಕ್ಕೆ ಎಂದರೆ ಸಸ್ಯಾಹಾರ ಎಂದು ಮಾತ್ರ. ಹಾಲು, ತುಪ್ಪ, ಗಿಣ್ಣು ಎಲ್ಲಕ್ಕೂ ಆ ಚುಕ್ಕೆ ಇರುತ್ತದೆ. ಹಾಲೂ ಇಲ್ಲದ ಪದಾರ್ಥಕ್ಕೆ 2022ರ ನಿಯಮದಲ್ಲಿ ಬೇರೆಯದೇ ಹಸಿರು ಗುರುತು ಬಂದಿದೆ. ಅದನ್ನು ಹುಡುಕಿ, ಹಿಂಬದಿಯ ಸಣ್ಣ ಅಕ್ಷರಗಳನ್ನೂ ಓದಿ. ಅಲ್ಲಿ ಕೇಸಿನ್ ಎಂದಿದ್ದರೆ ಅದು ಹಾಲಿನದೇ.

ಇನ್ನು ಗೋಡಂಬಿ ಏಕೆ ಬೇಕು? ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಹೊಲಗಳ ಶೇಂಗಾ ನಮ್ಮ ಬಾಗಿಲಿಗೇ ಬರುತ್ತದೆ. ಎಣ್ಣೆ ಗಾಣಗಳಿಂದಲೇ ಹೆಸರಾದ ಊರು ಪಕ್ಕದಲ್ಲಿರುವಾಗ ದುಬಾರಿ ಬೀಜಕ್ಕೆ ಹಣ ಸುರಿಯುವುದು ನನಗೆ ಒಪ್ಪುವುದಿಲ್ಲ. ಮೈಸೂರಿನ ಆಹಾರ ಸಂಶೋಧನಾಲಯದವರು ಶೇಂಗಾದ ಪ್ರೋಟೀನನ್ನು ಹಾಲಿಗೆ ಬೆರೆಸಿ ಮಿಲ್ಟೋನ್ ಎಂಬ ಪಾನೀಯ ಮಾಡಿದ್ದರು. ಶೇಂಗಾ ಹಾಲಿನ ಕೆಲಸಕ್ಕೆ ಒದಗುತ್ತದೆ ಎಂಬುದು ಇಂದಿನ ಹೊಸ ಮಾತೇನಲ್ಲ. ಶೇಂಗಾ ಆಗದ ಮಕ್ಕಳೂ ಇದ್ದಾರೆ, ಅವರ ಮನೆಯಲ್ಲಿ ಇದನ್ನು ಮುಟ್ಟಬೇಡಿ, ವೈದ್ಯರನ್ನು ಕೇಳಿಕೊಂಡು ಬೇರೆ ದಾರಿ ನೋಡಿ.

ಕಾಳು ಆರಿಸುವಾಗ ಕಣ್ಣು ಚುರುಕಾಗಿರಲಿ. ಮುರುಟಿದ್ದು, ಕಪ್ಪಾದದ್ದು, ಬೂಷ್ಟಿನ ವಾಸನೆ ಬರುವುದು ಒಂದೂ ಉಳಿಯಬಾರದು. ಶೇಂಗಾಕ್ಕೆ ಹಿಡಿಯುವ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಿರುತ್ತದೆ, ಮನೆಯ ಒಲೆಯಲ್ಲಿ ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ಆರಿಸಿದ ಹಸಿ ಕಾಳನ್ನು ರಾತ್ರಿ ನೆನೆಸಿ. ಬೆಳಿಗ್ಗೆ ಆ ನೀರು ಚೆಲ್ಲಿ, ಕುದಿಯುವ ನೀರಿಗೆ ಹಾಕಿ ಎರಡು ಕುದಿ ಬರಿಸಿ ತೆಗೆಯಿರಿ. ಹಸಿ ವಾಸನೆ ಹೋಗುವುದು ಇಲ್ಲಿಯೇ. ಸಿಪ್ಪೆ ಉಜ್ಜಿ ತೆಗೆದು ಬಿಸಿನೀರು ಹಾಕುತ್ತಾ ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಸೋಸಿ. ಬೆರಳದ್ದಿ ಎತ್ತಿದರೆ ಬೆರಳಿಗೆ ಬಿಳಿ ಪೊರೆ ನಿಲ್ಲುವಷ್ಟು ಗಟ್ಟಿಯಿರಬೇಕು. ನೀರಾದರೆ ಹೆಪ್ಪುಗಟ್ಟುವುದಿಲ್ಲ. ಸೋಸಿದ ಹಾಲನ್ನು ತಳ ಹಿಡಿಯದಂತೆ ಕೈಯಾಡಿಸುತ್ತಾ ಕಾಯಿಸಿ, ನಾಲ್ಕಾರು ಕುದಿ ಬರಲಿ.

ಈಗ ಹೆಪ್ಪಿನ ವಿಷಯ. ಇಷ್ಟೆಲ್ಲ ಕಷ್ಟಪಟ್ಟು ಕೊನೆಗೆ ಹಸುವಿನ ಹಾಲಿನ ಮೊಸರನ್ನೇ ಒಂದು ಚಮಚ ಹಾಕುವವರಿದ್ದಾರೆ! ಹಾಗಾದರೆ ಮಾಡಿದ್ದೇಕೆ? ಹೆಪ್ಪಿಗೆ ಹಸಿಮೆಣಸಿನಕಾಯಿಯ ತೊಟ್ಟು ಬೇಕು. ಹಾಲನ್ನು ಹುಳಿ ಮಾಡುವ ಬ್ಯಾಕ್ಟೀರಿಯಾ ಆ ತೊಟ್ಟಿನ ಮೇಲೆಯೇ ಇರುತ್ತವೆ. ನಾನು ಸೊಸೆಯಾಗಿ ಬಂದಾಗ, ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು, ನಮ್ಮ ಬೀದಿಯಲ್ಲಿ ದೀಪ ಹಚ್ಚಿದ ಮೇಲೆ ನೆರೆಮನೆಗೆ ಹೆಪ್ಪು ಕೊಡುವ ಪದ್ಧತಿ ಇರಲಿಲ್ಲ. ಮೊಸರಿನ ಪಾತ್ರೆ ಬರಿದಾದದ್ದು ರಾತ್ರಿ ಗೊತ್ತಾದರೆ ಅತ್ತೆಯವರು ಒಂದು ಮಾತೂ ಆಡದೆ ಮೆಣಸಿನಕಾಯಿ ಬುಟ್ಟಿಗೆ ಕೈ ಹಾಕುತ್ತಿದ್ದರು. ಬೆಳಿಗ್ಗೆ ಮೊಸರು ಸಿದ್ಧ. ಅವರ ಕೈಯಿಂದ ಕಲಿತದ್ದನ್ನೇ ನಾನು ಶೇಂಗಾದ ಹಾಲಿಗೆ ತಂದಿದ್ದೇನೆ.

ಅಂದು ಕಿತ್ತ ಕಾಯಿಯಾದರೆ ಉತ್ತಮ. ತೊಟ್ಟು ಹಸಿರಾಗಿ, ಬಾಗಿಸಿದರೆ ಟಕ್ ಎಂದು ಮುರಿಯುವಂತಿರಬೇಕು. ಒಣಗಿ ಕಂದಾದ ತೊಟ್ಟನ್ನು ಹಾಕಬೇಡಿ. ಧೂಳು ಹೋಗಲು ತಣ್ಣೀರಿನಲ್ಲಿ ಒಮ್ಮೆ ಅದ್ದಿ ತೆಗೆದರೆ ಸಾಕು. ಬಿಸಿನೀರು, ಉಪ್ಪುನೀರು, ತರಕಾರಿ ತೊಳೆಯುವ ದ್ರಾವಣ ಯಾವುದೂ ಸೋಕಬಾರದು. ತೊಳೆದು ತೊಳೆದು ಹೆಪ್ಪನ್ನೇ ತೊಳೆದು ಚೆಲ್ಲುವುದು ಇಂದಿನವರ ಚಾಳಿ. ನೆರಳಿನಲ್ಲಿ ಆರಿಸಿ. ಕೀಳುವಾಗ ತುದಿಯ ಟೋಪಿ ಸಮೇತ ತಿರುಚಿ ಕೀಳಬೇಕು; ಕಾಯಿಯ ಚೂರು ಅಂಟಿಕೊಂಡು ಬಂದರೆ ಖಾರ ಹಾಲಿಗೆ ಇಳಿಯುತ್ತದೆ, ಅದನ್ನು ಚಾಕುವಿನಿಂದ ಬಿಡಿಸಿ ತೆಗೆಯಿರಿ. ಒಂದು ಲೋಟ ಹಾಲಿಗೆ ಒಂದು ಸಣ್ಣ ಹಿಡಿ ತೊಟ್ಟು ಬೇಕಾಗುತ್ತದೆ, ಲೋಭ ಮಾಡಬೇಡಿ. ಹಾಲು ಕಿರುಬೆರಳಿಗೆ ಹಿತವಾಗಿ ಬೆಚ್ಚಗಿರುವಾಗ ತೊಟ್ಟುಗಳನ್ನು ಹಾಕಿ ಚಮಚದಿಂದ ಒತ್ತಿ ಮುಳುಗಿಸಿ. ತೇಲುವ ತೊಟ್ಟಿನ ಮೇಲೆ ಬೂಷ್ಟು ಕೂರುತ್ತದೆ. ಅದಕ್ಕಾಗಿಯೇ ಬಾಯಿ ಕಿರಿದಾದ ಪಾತ್ರೆ ಹಿಡಿಯಿರಿ, ಮೇಲೆ ಒಂದು ಪುಟ್ಟ ಸ್ಟೀಲ್ ತಟ್ಟೆ ಇಳಿಬಿಡಿ. ಮುಚ್ಚಿ, ಅಕ್ಕಿ ಡಬ್ಬಿಯೊಳಗೆ ಅರ್ಧ ಹೂತಿಡಿ. ನಮ್ಮ ಊರಿನ ಏಪ್ರಿಲ್ ಸೆಕೆಯಲ್ಲಿ ಏಳೆಂಟು ಗಂಟೆ ಸಾಕು, ಚಳಿಗಾಲದಲ್ಲಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆಯೂ ಕಾಯಬೇಕು. ನಡುವೆ ಮುಚ್ಚಳ ತೆಗೆದು ನೋಡಬೇಡಿ. ಹಸುಗೂಸನ್ನು ತೊಟ್ಟಿಲಲ್ಲಿ ಮಲಗಿಸಿದಂತೆ, ನಿದ್ದೆ ಕೆಡಿಸಿದರೆ ಮತ್ತೆ ಮೊದಲಿನಿಂದ ಶುರು.

ಎಲ್ಲರೂ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ತೊಟ್ಟಿನಿಂದ ಆದ ಮೊದಲ ಮೊಸರು ಸಡಿಲವಾಗಿರುತ್ತದೆ, ಸ್ವಲ್ಪ ಸೊಪ್ಪಿನ ಕಹಿಯೂ ಇರುತ್ತದೆ. ಅದನ್ನು ತಿಂದು ‘ಚೆನ್ನಾಗಿಲ್ಲ’ ಎಂದು ಕೈಬಿಡುತ್ತಾರೆ. ಅದು ತಿನ್ನುವುದಕ್ಕೆ ಅಲ್ಲ, ಅದೇ ಹೆಪ್ಪು. ಅದರಲ್ಲಿ ಒಂದೆರಡು ಚಮಚ ತೆಗೆದು, ಹೊಸದಾಗಿ ಕಾಯಿಸಿ ಆರಿಸಿದ ಶೇಂಗಾ ಹಾಲಿಗೆ ಕದಡಿ ಮತ್ತೆ ಹೆಪ್ಪು ಹಾಕಿ. ಈ ಎರಡನೆಯದು ಗಟ್ಟಿಯಾಗಿ, ನಾಲಿಗೆಗೆ ಹಿತವಾದ ಹುಳಿಯಾಗಿ ಬರುತ್ತದೆ. ಚೀಸ್‌ಗೆ ಬೇಕಾದದ್ದು ಇದು. ತೆಳು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ, ನೀರಿಳಿದ ಮೇಲೆ ಉಪ್ಪು ಬೆರೆಸಿ, ಭಾರ ಇಟ್ಟು ಫ್ರಿಜ್ಜಿನಲ್ಲಿ ಇನ್ನೊಂದು ದಿನ ಬಿಡಿ.

ಬಟ್ಟೆ ಎಂದ ಮೇಲೆ ಇದನ್ನೂ ಹೇಳಿಬಿಡುತ್ತೇನೆ. ಅಡುಗೆಯ ಬಟ್ಟೆಯನ್ನು ಮೈಬಟ್ಟೆಯ ಜೊತೆ ವಾಷಿಂಗ್ ಮೆಷಿನ್‌ಗೆ ಹಾಕಿ, ಘಮಘಮಿಸುವ ದ್ರಾವಣದಲ್ಲಿ ಅದ್ದಿ ತೆಗೆಯುವ ಅಭ್ಯಾಸ ಬಿಡಿ. ಆ ಸುವಾಸನೆ ಮೊಸರಿಗೂ ಇಡ್ಲಿಗೂ ಹತ್ತುತ್ತದೆ. ಊರಿನ ಹತ್ತಿ ಗಿರಣಿಗಳು ಭರಾಟೆಯಿಂದ ನಡೆಯುತ್ತಿದ್ದಾಗ ಕೊಂಡ ತುಂಡುಬಟ್ಟೆಗಳನ್ನು ನಾವು ವರ್ಷಗಟ್ಟಲೆ ಬಳಸಿದ್ದೇವೆ. ಬರಿ ನೀರಿನಲ್ಲಿ ಕುದಿಸುವುದು, ಹಿಂಡುವುದು, ಬಿಸಿಲಿಗೆ ಹರವುವುದು. ಬೇರೇನೂ ಬೇಕಾಗುವುದಿಲ್ಲ. ಒಳಗೆ ಆರಿಸಿದ ಬಟ್ಟೆಗೆ ಬರುವ ಮುಗ್ಗಲು ವಾಸನೆ ಯಾವ ದ್ರಾವಣಕ್ಕೂ ಬಗ್ಗುವುದಿಲ್ಲ.

ಇದು ಕರಗಿ ಎಳೆ ಎಳೆಯಾಗಿ ಬರಲಿಲ್ಲ ಎಂದು ದೂರಬೇಡಿ. ಎಳೆ ಬರುವುದು ಹಾಲಿನ ಕೇಸಿನ್‌ನಿಂದ, ಕಾಳಿನಲ್ಲಿ ಅದು ಇಲ್ಲ. ಹತ್ತಿರ ಹತ್ತಿರ ಬರಬೇಕೆಂದರೆ ಸಬ್ಬಕ್ಕಿಯನ್ನು ಪುಡಿ ಮಾಡಿ ಜರಡಿ ಹಿಡಿದು, ಒಂದೆರಡು ಚಮಚವನ್ನು ತಣ್ಣೀರಿನಲ್ಲಿ ಕದಡಿ, ಈ ಮೊಸರುಗಟ್ಟಿಗೆ ಸ್ವಲ್ಪ ಎಣ್ಣೆಯ ಜೊತೆ ಸೇರಿಸಿ ಸಣ್ಣ ಉರಿಯಲ್ಲಿ ಕೈಯಾಡಿಸಿ. ಹೊಳಪು ಬಂದು ಬಾಣಲೆ ಬಿಡುವಾಗ ಇಳಿಸಿ. ಹೋಳು ಮಾಡುವಂತೆ ಗಟ್ಟಿ ಬೇಕಾದರೆ ಚೈನಾ ಗ್ರಾಸ್. ಅದನ್ನು ನೀರಿನಲ್ಲಿ ಪೂರ್ತಿ ಕುದಿಸಿ ಕರಗಿಸಬೇಕು, ಬೆಚ್ಚಗಿನ ನೀರಿಗೆ ಉದುರಿಸಿದರೆ ಗಂಟಾಗುತ್ತದೆ. ಆದರೆ ಚೈನಾ ಗ್ರಾಸ್ ಹಾಕಿದ್ದು ದೋಸೆಯ ಮೇಲೆ ಸುಲಭವಾಗಿ ಕರಗದು. ಕರಗಲು ಸಬ್ಬಕ್ಕಿ, ಹೋಳು ಮಾಡಲು ಚೈನಾ ಗ್ರಾಸ್ ಎಂದು ನೆನಪಿಡಿ. ನ್ಯೂಟ್ರಿಷನಲ್ ಯೀಸ್ಟ್ ಎಂಬ, ಜೀವ ಕಳೆದು ಒಣಗಿಸಿದ ಯೀಸ್ಟ್ ಸಿಕ್ಕರೆ ಒಂದು ಚಮಚ ಹಾಕಿ, ರುಚಿ ಏರುತ್ತದೆ. ಬ್ರೆಡ್ಡಿಗೆ ಹಾಕುವ ಯೀಸ್ಟ್ ಅದಲ್ಲ, ಅದನ್ನು ತಂದು ಸುರಿಯಬೇಡಿ.

ಜೋಳದ ರೊಟ್ಟಿಗೆ ಸವರಿ ಹಸಿ ಈರುಳ್ಳಿ ಇಟ್ಟು ಕೊಡಿ, ಪಡ್ಡಿನ ಹಿಟ್ಟಿನ ನಡುವೆ ಒಂದು ಚೂರು ಇಟ್ಟು ಬೇಯಿಸಿ, ದೊಣ್ಣೆ ಮೆಣಸಿನಕಾಯಿಗೆ ತುಂಬಿ ಹುರಿಯಿರಿ. ಬೆಣ್ಣೆ ದೋಸೆಯನ್ನು ಮಾತ್ರ ಇದರಿಂದ ಮಾಡಲು ಹೋಗಬೇಡಿ. ಬೆಣ್ಣೆ ದೋಸೆಗೆ ಬೆಣ್ಣೆಯೇ ಬೇಕು. ಮಗುವಿಗೆ ಗಾಣದ ಶೇಂಗಾ ಎಣ್ಣೆಯಲ್ಲಿ ಖಾಲಿ ದೋಸೆ ಹುಯ್ದು, ಅದರ ಮೇಲೆ ಇದನ್ನು ಹಚ್ಚಿಕೊಡಿ, ಎರಡು ಹೆಚ್ಚೇ ತಿನ್ನುತ್ತದೆ. ಶೇಂಗಾದಲ್ಲಿ ಹಾಲಿನಷ್ಟು ಸುಣ್ಣದ ಅಂಶ ಇಲ್ಲ. ಆದ್ದರಿಂದ ರಾಗಿ, ಎಳ್ಳು, ನುಗ್ಗೆಸೊಪ್ಪು ಆ ಮಗುವಿನ ತಟ್ಟೆಯಲ್ಲಿ ತಪ್ಪದಂತೆ ನೋಡಿಕೊಳ್ಳಿ.

ಹಿಂಡಿ ಉಳಿದ ಪುಡಿಯನ್ನು ಎಸೆಯಬೇಡಿ, ಬಾಣಲೆಯಲ್ಲಿ ಘಮ್ಮೆನ್ನುವವರೆಗೆ ಹುರಿದು ಬೆಳ್ಳುಳ್ಳಿ ಖಾರ ಹಾಕಿ ಕುಟ್ಟಿದರೆ ಎರಡು ದಿನದ ಚಟ್ನಿಪುಡಿ. ಚೀಸ್ ಫ್ರಿಜ್ಜಿನಲ್ಲಿ ನಾಲ್ಕೈದು ದಿನ ಇರುತ್ತದೆ, ಗುಲಾಬಿ ಬಣ್ಣವೋ ಬೂಷ್ಟೋ ಕಂಡರೆ ಮೇಲಿನದನ್ನು ಕೆರೆದು ತಿನ್ನುವ ಉಳಿತಾಯ ಬೇಡ, ಪೂರ್ತಿ ಚೆಲ್ಲಿ. ಮುಂದಿನ ಸಲದ ಹೆಪ್ಪನ್ನು ಉಪ್ಪು ಹಾಕುವ ಮೊದಲೇ ಬೇರೆ ಬಟ್ಟಲಿನಲ್ಲಿ ಎತ್ತಿಡಿ, ಮತ್ತು ಹಸುವಿನ ಮೊಸರಿಗೆ ಹಾಕಿದ ಚಮಚ ಆ ಬಟ್ಟಲಿಗೆ ಎಂದೂ ಬೀಳದಿರಲಿ.