ಎನ್‌ಒಸಿ ಬಂದ ವಾರವೇ ಹೊರಟೆವು: ದತ್ತು ಪ್ರಯಾಣದ ನಮ್ಮ ಲೆಕ್ಕ

ಅಮೆರಿಕದಲ್ಲಿದ್ದುಕೊಂಡು ಭಾರತದ ಮಗುವನ್ನು ದತ್ತು ಪಡೆಯಲು ಹೊರಟಾಗ, ದತ್ತು ಆದೇಶ ಕೈಗೆ ಬರುವ ತನಕ ಅಮೆರಿಕ ಬಿಟ್ಟು ಕದಲಬೇಡಿ ಎಂದು ನಮಗೆ ಹೇಳದವರಿಲ್ಲ. ಮೊದಲೇ ದತ್ತು ಪಡೆದವರು, ಇಲ್ಲಿನ ಏಜೆನ್ಸಿಯವರು, ಊರಿನ ವಕೀಲರು, ಎಲ್ಲರದೂ ಒಂದೇ ಮಾತು: ಆದೇಶ, ಪಾಸ್‌ಪೋರ್ಟ್ ಎರಡೂ ಆಗಲಿ, ಆಮೇಲೆ ಎರಡು ವಾರಕ್ಕೆ ಹೋಗಿ ಮಗುವನ್ನು ಕರೆತನ್ನಿ. ನಾವು ದತ್ತು ನೋಡಿಕೊಳ್ಳುವ ಭಾರತದ ಕೇಂದ್ರ ಪ್ರಾಧಿಕಾರವಾದ ಕಾರಾದ ನಿರಾಕ್ಷೇಪಣಾ ಪತ್ರ, ಎಂದರೆ ಎನ್‌ಒಸಿ ಬಂದ ವಾರವೇ ಹೊರಟೆವು. ಪೂರ್ವ-ದತ್ತು ಪೋಷಣೆಗೆ ಮುಚ್ಚಳಿಕೆ ಬರೆದುಕೊಟ್ಟು ಮಗುವನ್ನು ಅಲ್ಲಿ ಹಿಡಿದ ಬಾಡಿಗೆ ಮನೆಗೆ ಕರೆತಂದು, ಉಳಿದ ಕೆಲಸವನ್ನೆಲ್ಲ ಅಲ್ಲೇ ಇದ್ದು ಮುಗಿಸಿದೆವು. 2023ರ ಮಾರ್ಚ್ ಕೊನೆಯಿಂದ ಜೂನ್ ಕೊನೆಯವರೆಗೆ, ಹೆಚ್ಚುಕಡಿಮೆ 85 ದಿನ. ಈ ದಾರಿ ಆಗುವುದಿಲ್ಲ ಎಂದಿದ್ದವರಲ್ಲಿ ಇಬ್ಬರು ಈಗ ನಮ್ಮ ದಿನಾಂಕಗಳ ಚಾರ್ಟ್ ಕೇಳಿ ಪಡೆದಿದ್ದಾರೆ.

ಇದು ದಂಪತಿಯಲ್ಲಿ ಒಬ್ಬರಾದರೂ ಅಮೆರಿಕದ ಪ್ರಜೆಯಾಗಿದ್ದರೆ ಮಾತ್ರ ನಡೆಯುವ ಲೆಕ್ಕ. ಇಬ್ಬರೂ ಎಚ್-1ಬಿ ಅಥವಾ ಗ್ರೀನ್ ಕಾರ್ಡಿನವರಾದರೆ ಐ-800ಎ (ದತ್ತು ಪಡೆಯಲು ನಾವು ಅರ್ಹರು ಎಂದು ಅಮೆರಿಕ ಸರ್ಕಾರದ ಒಪ್ಪಿಗೆ ಕೇಳುವ ಅರ್ಜಿ) ಹಾಕಲು ಬರುವುದಿಲ್ಲ. ದತ್ತು ಆಗಿಬಿಡಬಹುದು, ಮಗುವಿಗೆ ವೀಸಾ ಆಗುವುದಿಲ್ಲ. ಎರಡು ವರ್ಷ ಮಗುವಿನ ಜೊತೆ ಭಾರತದಲ್ಲೇ ಇರಬೇಕಾಗಿ ಬಂದವರಿದ್ದಾರೆ. ಇನ್ನು ಊರಲ್ಲಿ ಎಲ್ಲರೂ ಕೊಡುವ ಸಲಹೆ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದತ್ತಕ ಪತ್ರ ನೋಂದಾಯಿಸಿಬಿಡಿ, ಒಂದೇ ದಿನದ ಕೆಲಸ ಎಂಬುದು. ಅದರ ಹತ್ತಿರ ಹೋಗಬೇಡಿ. ಇಂಥದೇ ಮಗು ಎಂದು ಗೊತ್ತಾದ ಮೇಲೆ ಹಾಕುವ ಅರ್ಜಿಯಾದ ಐ-800ಕ್ಕೆ ತಾತ್ಕಾಲಿಕ ಒಪ್ಪಿಗೆ ಸಿಗುವ ಮೊದಲೇ ದತ್ತು ಮುಗಿಸಿದರೆ, ದೇಶಗಳ ನಡುವಿನ ದತ್ತಿಗೆ ಇರುವ ಹೇಗ್ ಒಪ್ಪಂದದ ದಾರಿ ಕೆಟ್ಟುಹೋಗುತ್ತದೆ, ಸರಿಪಡಿಸುವುದು ಬಹಳ ಕಷ್ಟ.

ನಮಗೆ ಹೆಚ್ಚು ದುಡ್ಡು ಕಳೆದದ್ದು ಕಾದ ಮೂರು ವರ್ಷ ಚಿಲ್ಲರೆಯಲ್ಲಿ. 2019ರ ಆಗಸ್ಟ್ ಹೊತ್ತಿಗೆ ನೋಂದಣಿ, 2022ರ ಅಕ್ಟೋಬರಿನಲ್ಲಿ ಮಗುವಿನ ರೆಫರಲ್, ಎಂದರೆ ಇಂಥ ಮಗು ಇದೆ ಎಂಬ ಸೂಚನೆ. ಈ ನಡುವೆ ಪ್ರತಿ ಕಾಗದಕ್ಕೂ ಅದರದೇ ಆಯುಸ್ಸು. ನಮ್ಮ ಕಾಲಕ್ಕೆ ಐ-800ಎ ಒಪ್ಪಿಗೆ 15 ತಿಂಗಳು, ಬೆರಳಚ್ಚು 15 ತಿಂಗಳು, ಕಾರಾದ ಲೆಕ್ಕದಲ್ಲಿ ಹೋಮ್ ಸ್ಟಡಿ (ನಮ್ಮ ಮನೆ, ಕುಟುಂಬದ ಪರಿಶೀಲನಾ ವರದಿ) 3 ವರ್ಷ. ಆದರೆ ಅದೇ ಹೋಮ್ ಸ್ಟಡಿಯನ್ನು ಅಮೆರಿಕದ ವಲಸೆ ಇಲಾಖೆಯಾದ ಯುಎಸ್‌ಸಿಐಎಸ್‌ಗೆ ಕೊಡುವ ದಿನ ಅದು 6 ತಿಂಗಳಿಗಿಂತ ಹಳೆಯದಾಗಿರಬಾರದು. ಒಪ್ಪಿಗೆಯ ಅವಧಿ ಮುಗಿಯಲು 90 ದಿನ ಇರುವಾಗಿನಿಂದ ಮಾತ್ರ ವಿಸ್ತರಣೆ ಕೇಳಬಹುದು. ಮೊದಲ ಸಲ ಕಾಗದ ತಯಾರಾದಂತೆಲ್ಲ ಕಳಿಸಿ ಕೈ ಸುಟ್ಟುಕೊಂಡೆವು. ಹೋಮ್ ಸ್ಟಡಿ ಪರಿಷ್ಕರಣೆಯನ್ನು ಎರಡು ತಿಂಗಳು ಮುಂಚೆಯೇ ಮಾಡಿಸಿದ್ದರಿಂದ ಅರ್ಜಿ ಹಾಕುವ ಹೊತ್ತಿಗೆ ಅದರ ಅವಧಿ ಮೀರಿ, ಇನ್ನೊಂದು ಸಲ 600 ಡಾಲರ್ ಹೋಯಿತು. 2020ರಲ್ಲಿ ಬೆರಳಚ್ಚಿನ ಕೇಂದ್ರಗಳೂ ಕೆಲಕಾಲ ಮುಚ್ಚಿದ್ದವು.

ಆಮೇಲೆ ಲೆಕ್ಕವನ್ನು ತಿರುಗಿಸಿದೆವು. ಒಂದು ದೊಡ್ಡ ಹಾಳೆ, ಎಡಕ್ಕೆ ಕಾಗದದ ಹೆಸರು, ಬಲಕ್ಕೆ ಅದರ ಅವಧಿ ಮುಗಿಯುವ ದಿನ, ಅಲ್ಲಿಂದ ಹಿಂದಕ್ಕೆ ಎಣಿಸಿ ಮಾಡಿಸಬೇಕಾದ ದಿನ. ಯಾವುದನ್ನೂ ಅದರ ದಿನಕ್ಕಿಂತ ಮೊದಲು ಮಾಡಿಸಲಿಲ್ಲ. ಮೊದಲ ವಿಸ್ತರಣೆಗೆ ಶುಲ್ಕವಿರಲಿಲ್ಲ, ಎರಡನೆಯದಕ್ಕೆ 385 ಡಾಲರ್. ಕಾರಾದ ಮೂರು ವರ್ಷ ಮುಗಿಯುವುದು 2022ರ ಮಧ್ಯಕ್ಕೆ ಎಂದು ಹಾಳೆಯೇ ತೋರಿಸಿತು. ಅದಕ್ಕೂ ಮುಂಚೆ ಹೊಸ ವರದಿ ಸೇರಿಸಿದ್ದೆವು. ಸೇರಿಸದಿದ್ದರೆ ನಮ್ಮ ಸರದಿ ಬಂದಾಗ ಕೈಯಲ್ಲಿ ಚಾಲ್ತಿಯ ವರದಿ ಇರುತ್ತಿರಲಿಲ್ಲ.

ಹೆಸರಿನ ವಿಷಯ ನಮ್ಮವರಿಗೇ ವಿಶೇಷವಾಗಿ ಕಾಡುವಂಥದ್ದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಮದುವೆ ನೋಂದಣಿಯಲ್ಲಿ ಅಪ್ಪನ ಹೆಸರು, ಅಮೆರಿಕದ ಪಾಸ್‌ಪೋರ್ಟಿನಲ್ಲಿ ಊರಿನ ಹೆಸರೇ ಸರ್‌ನೇಮ್. ಮೂರೂ ಒಬ್ಬರದೇ ಎಂಬ ಅಫಿಡವಿಟ್ಟನ್ನು ಇಬ್ಬರಿಗೂ ಮೊದಲೇ ಮಾಡಿಸಿ ಕಡತದ ಮೊದಲ ಪುಟದಲ್ಲಿಡಿ. ದತ್ತು ಆದೇಶ, ಮಗುವಿನ ಜನನ ಪ್ರಮಾಣಪತ್ರ, ಮಗುವಿನ ಪಾಸ್‌ಪೋರ್ಟ್, ಡಿಎಸ್-260 ಎಂಬ ವೀಸಾ ಅರ್ಜಿ, ನಾಲ್ಕರಲ್ಲೂ ಹೆತ್ತವರ ಹೆಸರು ಅಕ್ಷರಕ್ಕೆ ಅಕ್ಷರ ಕೂಡಬೇಕು. ನಮ್ಮ ಆದೇಶದ ಕರಡಿನಲ್ಲಿ ಒಂದು ‘ಎಚ್’ ಬಿಟ್ಟುಹೋಗಿತ್ತು. ಸಹಿ ಬೀಳುವ ಮೊದಲು ಕಣ್ಣಿಗೆ ಬಿದ್ದದ್ದು ನಾವು ಅದೇ ಊರಲ್ಲಿ ಇದ್ದುದರಿಂದ.

ಅಪೊಸ್ಟಿಲ್ (ಕಾಗದ ಬೇರೆ ದೇಶದಲ್ಲೂ ಸಲ್ಲಲು ಹಾಕಿಸುವ ಸರ್ಕಾರಿ ದೃಢೀಕರಣ) ಬಗ್ಗೆ ಎರಡೇ ಮಾತು. ಎಲ್ಲ ಕಾಗದಕ್ಕೂ ಒಬ್ಬರೇ ನೋಟರಿ ಇರಲಿ, ಮುದ್ರೆಯಲ್ಲಿ ನೋಟರಿಯ ಅಧಿಕಾರದ ಅವಧಿ (ಕಮಿಷನ್) ಮುಗಿಯುವ ದಿನಾಂಕ ಸ್ಪಷ್ಟವಾಗಿ ಮೂಡಿರಲಿ. ಮುದ್ರೆ ಮಸುಕಾಗಿ ನಮ್ಮ ನಾಲ್ಕು ಕಾಗದ ವಾಪಸ್ ಬಂದವು. ಟೆಕ್ಸಾಸಿನಲ್ಲಿ ದತ್ತಿಗೆಂದೇ ಬೇರೆ ಅರ್ಜಿಯಿದೆ. ಅದರಲ್ಲಿ ಹಾಕಿದರೆ ಪ್ರತಿಗೆ 10 ಡಾಲರ್, ಒಂದು ಮಗುವಿಗೆ ಒಟ್ಟು 100 ಮೀರುವುದಿಲ್ಲ. ಗೊತ್ತಿಲ್ಲದೆ ಸಾಮಾನ್ಯ ಅರ್ಜಿಯಲ್ಲಿ 15ರಂತೆ ಕೊಟ್ಟಿದ್ದೆವು.

ರೆಫರಲ್ ಬಂದಾಗ ಕಾದಿರಿಸಲು 96 ಗಂಟೆ, ಆಮೇಲೆ ಮಗುವಿನ ಅಧ್ಯಯನ ವರದಿ ಮತ್ತು ವೈದ್ಯಕೀಯ ವರದಿಗೆ ಸಹಿ ಹಾಕಲು 30 ದಿನ. ಮಕ್ಕಳ ವೈದ್ಯರನ್ನು ಆ ದಿನ ಹುಡುಕಲು ಹೊರಟರೆ ತಡವಾಯಿತು. ಮೊದಲೇ ಗೊತ್ತುಮಾಡಿಟ್ಟಿರಿ, ವರದಿ ಓದಿ ಹೇಳಲು ನಮ್ಮಿಂದ 400 ಡಾಲರ್ ತೆಗೆದುಕೊಂಡರು. ವರದಿಯಲ್ಲಿ ತೂಕ, ಉದ್ದ, ತಲೆಯ ಸುತ್ತಳತೆ ಒಂದೇ ದಿನದ್ದಿರುತ್ತದೆ. ಒಂದು ಅಳತೆಯಿಂದ ಏನೂ ತಿಳಿಯದು, ಮೂರು ತಿಂಗಳ ಅಳತೆ ಬೇಕು. ನಮ್ಮ ಮಗುವಿನ ತೂಕ 7 ತಿಂಗಳಿಗೆ 5.9 ಕೆಜಿ ಎಂದು ನೋಡಿ ಇಲ್ಲಿನ ಇಬ್ಬರು ವೈದ್ಯರು ಹಿಂಜರಿದರು. ತಿಂಗಳ ಲೆಕ್ಕ ತರಿಸಿದಾಗ ಗೆರೆ ಒಂದೇ ಸಮ ಏರುತ್ತಿತ್ತು, ತಲೆಯ ಸುತ್ತಳತೆಯೂ ಸರಿಯಾಗಿತ್ತು. ಹುಟ್ಟಿದ ತೂಕ ಕಡಿಮೆ, ಅಷ್ಟೇ. ಆ ಹಳೆಯ ಅಳತೆಗಳನ್ನು ಹೇಗೆ ತರಿಸಿದೆವು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಅದೇ ಬಾಗಿಲು ತಟ್ಟಿದರೆ ಅದು ಮುಚ್ಚಿಹೋಗುತ್ತದೆ. ಮಕ್ಕಳ ಕಲ್ಯಾಣ ಸಮಿತಿ ಕೊಡುವ, ಮಗು ದತ್ತಿಗೆ ಕಾನೂನುಬದ್ಧವಾಗಿ ಮುಕ್ತ ಎಂಬ ಪ್ರಮಾಣಪತ್ರದ ದಿನಾಂಕವನ್ನೂ ಓದಿ. ಐ-800ರಲ್ಲಿ ಅದರ ಬಗ್ಗೆಯೇ ಪ್ರಶ್ನೆ ಬರುವುದು ಹೆಚ್ಚು.

ಐ-800 ಡಿಸೆಂಬರಿನಲ್ಲಿ ಹಾಕಿದೆವು. ತಾತ್ಕಾಲಿಕ ಒಪ್ಪಿಗೆ, ಡಿಎಸ್-260, ಅಮೆರಿಕದ ರಾಯಭಾರ ಕಚೇರಿಯ ಆರ್ಟಿಕಲ್ 5 ಪತ್ರ (ದತ್ತು ಮುಂದುವರಿಯಬಹುದು ಎಂಬ ಒಪ್ಪಿಗೆ), ಆಮೇಲೆ ಮಾರ್ಚಿನಲ್ಲಿ ಎನ್‌ಒಸಿ. ಎನ್‌ಒಸಿ ಆದಮೇಲೆ ಆದೇಶ ಬಾಕಿ ಇರುವಾಗ ಮಗುವನ್ನು ಭಾರತದೊಳಗೆ ಪೋಷಣೆಗೆ ಪಡೆಯಲು ನಿಯಮವೇ ಅವಕಾಶ ಕೊಡುತ್ತದೆ. ಕೇಳುವವರು ಕಡಿಮೆ, ಹಾಗಾಗಿ ಸಂಸ್ಥೆಗಳಿಗೂ ರೂಢಿ ಕಡಿಮೆ. ಮಗುವಿದ್ದ ಉತ್ತರ ಕರ್ನಾಟಕದ ಜಿಲ್ಲಾ ಕೇಂದ್ರದಲ್ಲೇ ಎರಡು ಕೋಣೆಯ ಮನೆ ಹಿಡಿದೆವು, ಬಾಡಿಗೆ ತಿಂಗಳಿಗೆ 11,000 ರೂಪಾಯಿ. ಬೆಂಗಳೂರಿನಲ್ಲಿ ಇದ್ದರೆ ಪ್ರತಿ ಸಹಿಗೂ ಒಂದು ರಾತ್ರಿ ಪ್ರಯಾಣ. ಅಮೆರಿಕದ ಎಫ್‌ಎಂಎಲ್‌ಎ (ಕುಟುಂಬದ ಕಾರಣಕ್ಕೆ ಕಾನೂನು ಕೊಡುವ) ರಜೆ 12 ವಾರ ದತ್ತಿಗೂ ಸಲ್ಲುತ್ತದೆ, ಪ್ರಯಾಣದ ದಿನಗಳೂ ಸೇರಿ. ಒಬ್ಬರು ಪೂರ್ತಿ ಇದ್ದರು, ಇನ್ನೊಬ್ಬರು ಮೊದಲ ಮೂರು ವಾರ ಮತ್ತು ಕೊನೆಯ ಮೂರು ವಾರ.

ನಮ್ಮ ಲೆಕ್ಕ ತಪ್ಪಿದ್ದು ಒಂದೇ ಕಡೆ. 2022ರ ಸೆಪ್ಟೆಂಬರಿನಿಂದ ದತ್ತು ಆದೇಶ ಕೊಡುವವರು ನ್ಯಾಯಾಲಯವಲ್ಲ, ಜಿಲ್ಲಾಧಿಕಾರಿ. ಅವರೇ ಜಿಲ್ಲಾ ಚುನಾವಣಾಧಿಕಾರಿಯೂ ಹೌದು. 2023ರ ಮಾರ್ಚ್ 29ಕ್ಕೆ ವಿಧಾನಸಭಾ ಚುನಾವಣೆ ಘೋಷಣೆಯಾಯಿತು, ಮೇ 10ಕ್ಕೆ ಮತದಾನ, 13ಕ್ಕೆ ಎಣಿಕೆ. ಆ ಆರು ವಾರ ನಮ್ಮ ಕಡತ ಕದಲಲಿಲ್ಲ. ಎಣಿಕೆ ಮುಗಿದ ಎರಡು ವಾರದೊಳಗೆ ಆದೇಶ ಬಂತು. ಹೋಗುವ ಮೊದಲು ಚುನಾವಣೆಯ ಕ್ಯಾಲೆಂಡರ್ ನೋಡಿ. ಆದರೂ ಆ ಆರು ವಾರವನ್ನು ನಾವು ನಷ್ಟದ ಕಡೆ ಬರೆಯುವುದಿಲ್ಲ. ಮನೆಯಲ್ಲಿ ಕೂತು ಕಾಯುತ್ತಿದ್ದ ದಂಪತಿಗೆ ಅದು ಬರೀ ಆರು ವಾರ, ನಮ್ಮ ಮಗು ಅಷ್ಟರಲ್ಲಿ ನಡೆಯಲು ಕಲಿತಿತ್ತು.

ಆ ಸಮಯದಲ್ಲಿ ಮಾಡಿ ನೋಡಿದ ಕೆಲವು: ಮಗುವಿಗೆ ರೂಢಿಯಿದ್ದದ್ದು ರಾಗಿ ಸರಿ ಮತ್ತು ಸೀರೆಯ ಜೋಳಿಗೆ. ಮೊದಲ ದಿನವೇ ಅಮೆರಿಕದ ಫಾರ್ಮುಲಾ ಕೊಟ್ಟೆವು, ಹೊಟ್ಟೆ ಕಟ್ಟಿತು. ಸಂಸ್ಥೆಯ ಹಾಲಿನ ಪುಡಿಗೇ ವಾಪಸ್ ಹೋಗಿ, ನಾಲ್ಕನೇ ಒಂದು ಪಾಲಿನಂತೆ ಮೂರು ಮೂರು ದಿನಕ್ಕೆ ಬದಲಿಸುತ್ತ ಬಂದೆವು, 12 ದಿನಕ್ಕೆ ಸರಿಹೋಯಿತು. ಜೋಳಿಗೆಯಿಂದ ಹಾಸಿಗೆಗೆ ಇದೇ ರೀತಿ ಮಾಡಲು ಹೋಗಿ ಸೋತೆವು. ದಿನಕ್ಕೊಂದು ಗೇಣು ಕೆಳಗಿಳಿಸಿ ಕಟ್ಟಿದರೂ ನೆಲ ತಾಕಿದ ದಿನ ಅಳು. ಕೊನೆಗೆ ಅದೇ ಸೀರೆಯನ್ನು ಹಾಸಿಗೆಯ ಮೇಲೆ ಮಡಚಿ ಹಾಸಿದಾಗ ಮಲಗಿತು. ಆಯಾ ಹಾಡುತ್ತಿದ್ದ ಜೋಗುಳವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆವು. ಇದನ್ನು ಬಿಟ್ಟರೆ ಬೇರೆ ಯಾವುದೂ ಅಷ್ಟು ಕೆಲಸಕ್ಕೆ ಬರಲಿಲ್ಲ.

ವೀಸಾ ದೆಹಲಿಯಲ್ಲಿ ಮಾತ್ರ. ರಾಯಭಾರ ಕಚೇರಿಯ ಪಟ್ಟಿಯಲ್ಲಿರುವ ವೈದ್ಯರಲ್ಲೇ ಪರೀಕ್ಷೆ. 2 ವರ್ಷದೊಳಗಿನ ಮಗುವಿಗೆ ಟಿಬಿಯ ರಕ್ತಪರೀಕ್ಷೆ ಇಲ್ಲ. ಲಸಿಕೆ ಬಾಕಿಯಿದ್ದರೆ ಅಮೆರಿಕಕ್ಕೆ ಹೋಗಿ ಹಾಕಿಸುವ ಅಫಿಡವಿಟ್ ಕೊಡಬಹುದು. ಹತ್ತು ಹನ್ನೆರಡು ದಿನ ಇಟ್ಟುಕೊಳ್ಳಿ, ಜೂನಿನ ದೆಹಲಿಯಲ್ಲಿ ಎಸಿ ಇರುವ ಕೋಣೆಯಲ್ಲಿ ಹಣ ಉಳಿಸಬೇಡಿ. ಎರಡು ವರ್ಷದೊಳಗಾದರೆ ವಿಮಾನದ ಟಿಕೆಟ್ ದೊಡ್ಡವರ ದರದ ಹತ್ತನೇ ಒಂದು ಭಾಗದಷ್ಟು. ಬ್ಯಾಸಿನೆಟ್ ಸೀಟನ್ನು ಫೋನ್ ಮಾಡಿಯೇ ಕೇಳಬೇಕು, ತೂಕದ ಮಿತಿಯನ್ನೂ ಅಲ್ಲೇ ಕೇಳಿ. 16 ಗಂಟೆಯ ಪ್ರಯಾಣದಲ್ಲಿ ಮಗು 9 ಗಂಟೆ ಮಲಗಿತು, ಅದರ ಗುಟ್ಟು ನಮ್ಮಲ್ಲೇ ಇರಲಿ. ಔಷಧವಂತೂ ಅಲ್ಲ.

ದುಡ್ಡು, ನೆನಪಿನಿಂದ: ಏಜೆನ್ಸಿಗೆ 13,000 ಡಾಲರ್, ಹೋಮ್ ಸ್ಟಡಿ ಮತ್ತು ಪರಿಷ್ಕರಣೆಗಳು 4,600, ಐ-800ಎ ಬೆರಳಚ್ಚು ಸೇರಿ 945, ನೋಟರಿ-ಅಪೊಸ್ಟಿಲ್-ಕೊರಿಯರ್ 900, ಭಾರತದ ದತ್ತು ಸಂಸ್ಥೆಗೆ ನಿಯಮದ 5,000, ಟಿಕೆಟ್‌ಗಳು 5,500ರ ಆಸುಪಾಸು, ಮೂರು ತಿಂಗಳ ಬಾಡಿಗೆ, ಊಟ, ದೆಹಲಿ ಎಲ್ಲ ಸೇರಿ 2,200, ವೀಸಾ 325. ಚಿಲ್ಲರೆ ಸೇರಿ 33,000 ದಾಟಿತು. ಎರಡು ವಾರದ ಪ್ರಯಾಣದವರು ಹೋಟೆಲಿಗೇ ನಮ್ಮ ಮೂರು ತಿಂಗಳಿನಷ್ಟು ಕೊಟ್ಟಿದ್ದಾರೆ. 2023ಕ್ಕೆ ಅಮೆರಿಕದಲ್ಲಿ ದತ್ತಿನ ತೆರಿಗೆ ಕ್ರೆಡಿಟ್ (ಕಟ್ಟಬೇಕಾದ ತೆರಿಗೆಯಲ್ಲೇ ಕಡಿತ) ಗರಿಷ್ಠ 15,950 ಡಾಲರ್ ಇತ್ತು. ಹಿಂದಿನ ವರ್ಷಗಳ ಖರ್ಚನ್ನೂ ದತ್ತು ಮುಗಿದ ವರ್ಷವೇ ತೋರಿಸಬೇಕು, ತೀರದ್ದನ್ನು ಮುಂದಿನ ಐದು ವರ್ಷಕ್ಕೆ ಒಯ್ಯಬಹುದು. ರಸೀದಿಗಳನ್ನು 2019ರಿಂದಲೇ ಇಟ್ಟಿದ್ದು ಇಲ್ಲಿ ಕೆಲಸಕ್ಕೆ ಬಂತು.

ಬಂದಮೇಲೆ ಮೊದಲ ವರ್ಷ ಮೂರು ತಿಂಗಳಿಗೊಂದು, ಎರಡನೇ ವರ್ಷ ಆರು ತಿಂಗಳಿಗೊಂದು, ಮಗು ಹೇಗಿದೆ ಎಂಬ ವರದಿ ಕಾರಾಕ್ಕೆ ಹೋಗಬೇಕು, ಒಟ್ಟು ಆರು. ಐಎಚ್-3 (ಭಾರತದಲ್ಲೇ ದತ್ತು ಮುಗಿದ ಮಗುವಿಗೆ ಸಿಗುವ) ವೀಸಾದಲ್ಲಿ ಇಳಿದ ದಿನವೇ ಮಗು ಅಮೆರಿಕದ ಪ್ರಜೆ. ಪೌರತ್ವದ ಪ್ರಮಾಣಪತ್ರ ಅಂಚೆಯಲ್ಲಿ ತಾನಾಗಿ ಬರುತ್ತದೆ, ಅದಕ್ಕೆ ಬೇರೆ ಅರ್ಜಿ ಹಾಕಿ ದುಡ್ಡು ಕಳೆಯಬೇಡಿ. ಅದು ಬಂದಮೇಲೆ ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡಿಗೆ ಹಾಕಿ. ಒಪ್ಪಿಸುವ ಮುನ್ನ ಅದರ ಎಲ್ಲ ಪುಟಗಳ ಪ್ರತಿ ತೆಗೆದಿಡಿ. ಮಗು ದೊಡ್ಡದಾದ ಮೇಲೆ ನೋಡಲು ಕೇಳುತ್ತದೆ.