ಪಟ್ಟಿ ಹರಿದೆ, ಮಿಲಿಟ್ರಿ ಅಜ್ಜಂದಿರು ಮಾತಾಡಿದರು

ಉಡುಪಿ ಹತ್ತಿರದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವವ ನಾನು. ಮಿಲಿಟ್ರಿಯಿಂದ ಬಂದ ಅಜ್ಜಂದಿರ ನೆನಪುಗಳನ್ನು ಮಕ್ಕಳಿಂದಲೇ ರೆಕಾರ್ಡ್ ಮಾಡಿಸುತ್ತೇನೆ ಅಂದಾಗ ಸ್ಟಾಫ್ ರೂಮಿನಲ್ಲಿ ನಕ್ಕರು. "ಹತ್ತು ನಿಮಿಷ ಸುಮ್ನೆ ಕೂರದ ಮಕ್ಕಳು ಮಾರಾಯ್ರೇ!" ಮೊದಲ ವರ್ಷ ಅವರ ಮಾತೇ ನಿಜವಾಯಿತು.

ತಪ್ಪು ನನ್ನದೇ. ಮೂವತ್ತು ಪ್ರಶ್ನೆ ಟೈಪ್ ಮಾಡಿಸಿ ಕೊಟ್ಟಿದ್ದೆ. ಒಬ್ಬ ಹುಡುಗ ಅದನ್ನೂ ಬಿಟ್ಟು, "ಎಷ್ಟು ಜನರನ್ನು ಕೊಂದಿದ್ದೀರಿ?" ಅಂತ ಕೇಳಿಬಿಟ್ಟ. ಒಳಗೆ ಹೋದ ಅಜ್ಜ ಮತ್ತೆ ಹೊರಗೆ ಬರಲಿಲ್ಲ. ದುಡ್ಡೂ ದಂಡ. ಏಳೆಂಟು ಸಾವಿರದ ರೆಕಾರ್ಡರ್ ಹಿಡಿದು ಜುಲೈಯಲ್ಲಿ ಹಂಚಿನ ಮನೆಗಳಿಗೆ ಹೋಗಿದ್ದೆವು. ಕೇಳಿದ್ದು ಮಳೆ ಮಾತ್ರ. ಈಗ ಸಾವಿರ ರೂಪಾಯಿಯ ಕಾಲರ್ ಮೈಕು, ಮಕ್ಕಳದ್ದೇ ಮೊಬೈಲು, ಡಿಸೆಂಬರ್ ತಿಂಗಳು. ಧಾರಾಳ ಸಾಕು.

ಮರುವರ್ಷ ಪಟ್ಟಿ ಹರಿದು ಹಾಕಿದೆ. ಒಂದು ತಿಂಗಳು ಒಂದೇ ಅಭ್ಯಾಸ: ಮನೆಯ ಅಜ್ಜಿ ಹತ್ತಿರ ಅವರ ಮದುವೆ ಊಟದ ಸುದ್ದಿ ಕೇಳಿ ರೆಕಾರ್ಡ್ ಮಾಡಿಕೊಂಡು ಬನ್ನಿ. ಅಜ್ಜಿ ಮಾತು ನಿಲ್ಲಿಸಿದರೆ ಮನಸ್ಸಿನಲ್ಲೇ ಹತ್ತು ಎಣಿಸಬೇಕು, ಅಲ್ಲಿವರೆಗೆ ಬಾಯಿ ತೆರೆಯುವ ಹಾಗಿಲ್ಲ. ಕ್ಲಾಸಿನಲ್ಲಿ ಅದನ್ನು ಹಾಕಿ, ಅವಸರ ಮಾಡಿದ ಜಾಗ ಬಂದಾಗೆಲ್ಲ ಮೇಜು ಕುಟ್ಟುತ್ತಿದ್ದೆ. ನಾಲ್ಕನೇ ವಾರಕ್ಕೆ ನನ್ನ ಕೈಗೆ ಕೆಲಸ ಕಡಿಮೆಯಾಯಿತು.

ಅಜ್ಜಂದಿರ ಮನೆಗೆ ಮೊದಲ ಸಲ ಹೋಗುವಾಗ ಮೈಕೂ ಇಲ್ಲ, ಪೆನ್ನೂ ಇಲ್ಲ. ತುಳುವಿನಲ್ಲೇ ಮಾತು, 'ಅಜ್ಜೆರೇ' ಅಂತಲೇ ಕರೆಯಬೇಕು. ಎರಡನೇ ಸಲ ಒಪ್ಪಿಗೆ ಕೇಳಿ ಮೈಕು. ಯುದ್ಧದ ಸುದ್ದಿ ಎತ್ತುವುದು ಬೇಡ, ಟ್ರಂಕಿನಲ್ಲಿ ಏನಿದೆ ಕೇಳಿ ಅಂತೇನೆ. ಹಳೇ ಪತ್ರ ಸಿಕ್ಕರೆ ವಿಳಾಸದಲ್ಲಿ '56 ಎಪಿಒ', ಅಂದರೆ ಮಿಲಿಟ್ರಿ ಅಂಚೆ ಕಚೇರಿಯ ನಂಬರು, ಅಂತ ಇರುತ್ತದೆ, ಊರ ಹೆಸರಿಲ್ಲ. ಹಾಗಾದರೆ ನೀವು ಎಲ್ಲಿದ್ದೀರಿ ಅಂತ ಅಜ್ಜಿಗೆ ಹೇಗೆ ಗೊತ್ತಾಗುತ್ತಿತ್ತು? ಅಲ್ಲಿಂದ ಮಾತು ಹರಿಯುತ್ತದೆ.

ಒಬ್ಬ ಅಜ್ಜ ಸೈನ್ಯದ ಇಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದವರು. 1971ರ ಡಿಸೆಂಬರಿನಲ್ಲಿ, ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ, ಬಸಂತರ್ ನದಿಯ ಹತ್ತಿರ ಟ್ಯಾಂಕುಗಳಿಗೆ ದಾರಿ ಮಾಡಲು ಮಣ್ಣಿನಲ್ಲಿ ಹೂತಿಟ್ಟ ಮೈನ್ (ನೆಲಬಾಂಬು) ತೆಗೆದವರು. ಒಂದು ಗಂಟೆ ಲಂಗರಿನ, ಅಂದರೆ ಮಿಲಿಟ್ರಿ ಅಡುಗೆಮನೆಯ, ರೊಟ್ಟಿ ಬಿಟ್ಟು ಬೇರೆ ಮಾತಿಲ್ಲ. ರೆಕಾರ್ಡ್ ಮಾಡಲು ಹೋದ ನಮ್ಮ ಹುಡುಗಿ ಸುಮ್ಮನೆ ಕೂತಿದ್ದಳು. ಕೊನೆಗೆ ಅವರೇ ಎದ್ದು ಹಿಡಿಸೂಡಿಯಿಂದ ಒಂದು ಕಡ್ಡಿ ಎಳೆದು ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತರು. ಕಡ್ಡಿಯನ್ನು ಓರೆಯಾಗಿ, ಬೆರಳ ತುದಿಯಲ್ಲಿ, ಮಣ್ಣಿಗೆ ಇಳಿಸಿದರು. "ನೇರ ಚುಚ್ಚಿದರೆ ಮೈನಿನ ತಲೆಗೆ ತಾಗುತ್ತದೆ ಮಗಾ. ಓರೆ ಹೋದರೆ ಪಕ್ಕೆಗೆ." ಆಮೇಲೆ ಸುಮ್ಮನಾದರು. ಇವಳು ಎಣಿಸಿದಳು. ಎಂಟಕ್ಕೋ ಒಂಬತ್ತಕ್ಕೋ ಪಕ್ಕದಲ್ಲಿದ್ದ ಗೆಳೆಯನ ಹೆಸರು ಬಂತು. ಐವತ್ತು ವರ್ಷದಲ್ಲಿ ಆ ಹೆಸರು ಮನೆಯವರೇ ಕೇಳಿರಲಿಲ್ಲವಂತೆ.

ನಡುವೆ ಒಂದು ಪ್ರಯೋಗ ಮಾಡಿ ಕೈ ಸುಟ್ಟುಕೊಂಡೆ. 65ರ ಯುದ್ಧಕ್ಕೆ ಹೋದ ಒಬ್ಬರನ್ನು, 71ರ ಯುದ್ಧಕ್ಕೆ ಹೋದ ಒಬ್ಬರನ್ನು ಮಂಗಳೂರಿನ ಕದ್ರಿ ಯುದ್ಧ ಸ್ಮಾರಕದ ಹತ್ತಿರ ಒಟ್ಟಿಗೆ ಕೂರಿಸಿದೆ. ಕಾರು ಬಾಡಿಗೆ, ಊಟ ಸೇರಿ ಮೂರು ಸಾವಿರ ಹೋಯಿತು. ಒಂದೂವರೆ ಗಂಟೆ ಇಬ್ಬರೂ ಪೆನ್ಷನ್ ಲೆಕ್ಕ ಹಾಕಿದರು!

ಬರೆದಿಳಿಸುವ ಕೆಲಸ ಹೊರಗೆ ಕೊಡಬೇಡಿ. ನಾನು ಕೊಟ್ಟಿದ್ದೆ. ಅಜ್ಜನ ತುಳು ಪೇಪರಿನ ಕನ್ನಡವಾಗಿ ವಾಪಸ್ ಬಂತು. ಒಂದು ಗಂಟೆಯ ಮಾತಿಗೆ ಏಳೆಂಟು ಗಂಟೆ ಬೇಕು, ಮಕ್ಕಳೇ ಕೂತು ಬರೆಯಲಿ.

ಈಗ ಹತ್ತೊಂಬತ್ತೋ ಇಪ್ಪತ್ತೋ ರೆಕಾರ್ಡಿಂಗ್ ಆಗಿವೆ. ಅಂದು ನಕ್ಕವರಲ್ಲೇ ಒಬ್ಬರು ಮೊನ್ನೆ ಬಂದು, "ನಮ್ಮ ಮಾವನೂ ಮಿಲಿಟ್ರಿಯಲ್ಲಿದ್ದವರು, ಮಕ್ಕಳನ್ನು ಕಳಿಸ್ತೀರಾ?" ಅಂದರು. ಮಳೆ ಬಿಡಲಿ ಅಂದೆ.